ಸದ್ದಿಲ್ಲದ ಯಂತ್ರ

ಮಾರ್ಚ್ ೩, ಸೋಮವಾರ

ಇವಳನ್ನು ಆಸ್ಪತ್ರೆಯಿಂದ ಮನೆಗೆ ಕರೆತಂದು ಒಂದು ವಾರವಾಯಿತು. ನಿವೃತ್ತಿಯಾದ ಮೇಲೆ ಡೈರಿ ಬರೆಯುವುದನ್ನು ಬಿಟ್ಟಿದ್ದೆ. ಲಿಫ್ಟ್ ಮೆಕ್ಯಾನಿಕ್ ಆಗಿದ್ದಷ್ಟು ವರ್ಷವೂ ಯಾವ ಕಟ್ಟಡದ ಲಿಫ್ಟಿಗೆ ಏನಾಗಿತ್ತು, ನಾನೇನು ಮಾಡಿದೆ ಎಂದು ಬರೆಯದೆ ಮಲಗಿದವನಲ್ಲ. ಈಗ ಮತ್ತೆ ಶುರು ಮಾಡಿದ್ದೇನೆ, ಯಾಕೆಂದರೆ ಮನೆಯಲ್ಲಿ ಮಾತಾಡಲು ಯಾರೂ ಇಲ್ಲ. ಹೆಂಡತಿ ಇದ್ದಾಳೆ, ಮಾತಿಲ್ಲ.

ಶ್ವಾಸಕೋಶದ ಸೋಂಕು. ಗಂಟಲೊಳಗೆ ಕೊಳವೆ ಇಳಿಸಿ ಯಂತ್ರದಿಂದ ಉಸಿರಾಡಿಸಿದರು. ಉಳಿಯುವುದೇ ಅನುಮಾನ ಎಂದವರು ಕೊನೆಗೆ ನಮ್ಮ ಕೈಗೆ ಒಪ್ಪಿಸಿದರು. "ಸ್ವಲ್ಪ ದಿನ ಧ್ವನಿ ಸಣ್ಣಗಿರುತ್ತೆ, ಆಮೇಲೆ ಸರಿಹೋಗುತ್ತೆ" ಎಂದು ದೊಡ್ಡ ಡಾಕ್ಟರು ಹೇಳಿದ್ದರು. ಸಣ್ಣಗೆಲ್ಲಿ ಬಂತು? ಇಲ್ಲವೇ ಇಲ್ಲ. ಕಿಟಕಿಯ ಕಡೆ ಮುಖ ಮಾಡಿ ಕೂತಿರುತ್ತಾಳೆ. ಒಮ್ಮೊಮ್ಮೆ ತುಟಿ ಅಲ್ಲಾಡುತ್ತದೆ, ತನ್ನಷ್ಟಕ್ಕೆ ಏನೋ ಗುನುಗಿಕೊಳ್ಳುವವರ ಹಾಗೆ.

ಮದುವೆಯಾದಾಗಿನಿಂದ ಇವಳ ಬಾಯಿಗೆ ಬೀಗವಿರಲಿಲ್ಲ. ಸ್ವಲ್ಪ ಸುಮ್ಮನಿರೇ ಎಂದು ನಾನೇ ಎಷ್ಟು ಸಲ ಅಂದಿದ್ದೇನೋ. ಈಗ ಸುಮ್ಮನಿದ್ದಾಳೆ. ಬೇಡಿದ ವರ ಸಿಕ್ಕಿದೆ, ಅದನ್ನು ಇಟ್ಟುಕೊಂಡು ಏನು ಮಾಡಬೇಕೋ ತಿಳಿಯುತ್ತಿಲ್ಲ.

ಇವತ್ತು ಫಿಸಿಯೋಥೆರಪಿಯ ಹೆಂಗಸು ಬಂದಿದ್ದರು. ಓದಿದವರಿಗೆ ಬಾಯಿ ಬಿಟ್ಟು ಮಾತಾಡಲು ಏನು ದಾಡಿಯೋ, ಎಲ್ಲವೂ ತುಟಿಯ ಒಳಗೇ. ಅವರು ಹೋದ ಮೇಲೆ, ಅಮ್ಮನನ್ನು ನೋಡಲು ಬಂದಿದ್ದ ಮಗಳು ಬಿಡಿಸಿ ಹೇಳಿದಳು. ಬ್ಯಾಂಕಿನ ಕೌಂಟರಿನಲ್ಲಿ ಕೂತು ಕೂತು ಅವಳ ಗಂಟಲು ಚೆನ್ನಾಗಿ ಪಳಗಿದೆ. ಅಮ್ಮನ ಉಸಿರು ಬಲವಾಗಬೇಕಾದರೆ ದಿನಾ ನಡೆಯಬೇಕು. ಬೀದಿಯನ್ನು ಪೈಪ್ ಹಾಕಲು ಅಗೆದಿಟ್ಟಿದ್ದಾರೆ, ಮಂಡಿ ಬೇರೆ ಸರಿಯಿಲ್ಲ. ಅದಕ್ಕೆ ಎಲಿಪ್ಟಿಕಲ್ ಎನ್ನುವ ಯಂತ್ರ ಒಳ್ಳೆಯದಂತೆ: ಎರಡು ಪೆಡಲಿನ ಮೇಲೆ ನಿಂತು, ಎರಡು ಹ್ಯಾಂಡಲ್ ಹಿಡಿದು, ಇದ್ದಲ್ಲೇ ನಡೆಯುವುದು. ಪಾದ ಪೆಡಲ್ ಬಿಟ್ಟು ಏಳುವುದಿಲ್ಲ, ಮಂಡಿಗೆ ಪೆಟ್ಟಿಲ್ಲ.

"ಆದ್ರೆ ಅಪ್ಪಾ, ಸದ್ದು ಮಾಡೋ ಯಂತ್ರ ತಂದ್ರೆ ಅಮ್ಮ ಹತ್ತಲ್ಲವಂತೆ. ಆಸ್ಪತ್ರೇಲಿ ಹಗಲೂ ರಾತ್ರಿ ಕುಂಯ್ ಕುಂಯ್ ಅಂತ ಕೇಳಿ ಕೇಳಿ ಸಾಕಾಗಿದೆ ಅಂದ್ಲು."

"ಅಂದ್ಲಾ? ಯಾವಾಗ?"

"ಈಗ ತಾನೇ, ನಿನ್ನೆದುರಿಗೇ." ಮಗಳು ನನ್ನ ಮುಖವನ್ನೇ ನೋಡಿದಳು.

ಹೆಂಗಸರು ಕಣ್ಣಲ್ಲೇ ಮಾತಾಡಿಕೊಳ್ಳುತ್ತಾರೆ, ನಮಗೆಲ್ಲಿ ಗೊತ್ತಾಗಬೇಕು. ಇರಲಿ. ಸದ್ದಿಲ್ಲದ ಯಂತ್ರ ಹುಡುಕುವುದಕ್ಕೆ ನನಗಿಂತ ಬೇರೆಯವರು ಬೇಕೇ? ಕೆಲಸದಲ್ಲಿ ನನ್ನ ಅಡ್ಡಹೆಸರೇ 'ಕಿವಿ'. ಹತ್ತನೇ ಮಹಡಿಯ ಬೇರಿಂಗ್ ಸವೆದದ್ದನ್ನು ನೆಲಮಹಡಿಯಲ್ಲಿ ನಿಂತು ಹೇಳಿದವನು. ಇವಳ ಉಸಿರು ಬಲವಾಗಲಿ. ಉಸಿರು ಬಂದರೆ ಮಾತು ಬರುತ್ತದೆ. ನನಗೆ ಬೇಕಾದ್ದು ಅದೊಂದೇ.

ಮಾರ್ಚ್ ೫, ಬುಧವಾರ

ಹೊಸ ಯಂತ್ರಗಳ ಅಂಗಡಿಗೆ ಹೋಗಿ ಬಂದೆ. ಹೊರಗೆ ಥಳಕು, ಒಳಗೆ ಹುಳುಕು. ಹ್ಯಾಂಡಲ್ ಹಿಡಿದು ಸ್ವಲ್ಪ ಪಕ್ಕಕ್ಕೆ ವಾಲಿದರೆ ಇಡೀ ಯಂತ್ರ ನನ್ನ ಜೊತೆ ವಾಲಿತು. ಮಾರುವವನಿಗೆ ಅದೇ ಹೆಮ್ಮೆ. "ತುಂಬಾ ಹಗುರ ಸಾರ್, ಮನೇಲಿ ಎಲ್ಲಿ ಬೇಕಾದ್ರೂ ಎತ್ತಿಡಬಹುದು."

"ಅದೇ ಕಣಪ್ಪಾ ತೊಂದರೆ. ನಮ್ಮನೆಯವಳು ಇದನ್ನ ಎತ್ತಿಡಬೇಕಾಗಿಲ್ಲ, ಇದು ಅವಳನ್ನ ಹಿಡ್ಕೋಬೇಕು" ಎಂದೆ.

ಒಳಗಿನ ಫ್ಲೈವೀಲ್, ಅಂದರೆ ಭಾರದ ಚಕ್ರ, ಊಟದ ತಟ್ಟೆಯಷ್ಟಿದೆ. ಚಕ್ರ ಹಗುರವಾದರೆ ಪ್ರತಿ ಹೆಜ್ಜೆಯೂ ಮುಗ್ಗರಿಸುತ್ತದೆ. ಆರೋಗ್ಯವಾಗಿರುವ ಹುಡುಗರು ಹೇಗೋ ತುಳಿದುಕೊಳ್ಳುತ್ತಾರೆ. ಕಾಲಲ್ಲಿ ಶಕ್ತಿಯಿಲ್ಲದವರಿಗೆ ಚಕ್ರವೇ ಹೆಜ್ಜೆಯನ್ನು ಮುಂದಕ್ಕೆ ಕೊಂಡೊಯ್ಯಬೇಕು. ಜಿಮ್ಮಿನವರು ಇಡುವ ಯಂತ್ರಗಳು ಬೇರೆಯೇ ಜಾತಿ. ದಿನವಿಡೀ ನೂರು ಜನ ತುಳಿದರೂ ಜಪ್ಪಯ್ಯ ಅನ್ನುವುದಿಲ್ಲ. ಅಂಥದ್ದನ್ನು ಹೊಸದಾಗಿ ಕೊಳ್ಳುವ ಮಾತೇ ಇಲ್ಲ. ಬಳಸಿದ್ದನ್ನೇ ಹುಡುಕಬೇಕು, ಸರಿಯಾದದ್ದನ್ನು ಆರಿಸಬೇಕು.

ಮನೆಗೆ ಬಂದು ಇವಳಿಗೆ ಎಲ್ಲವನ್ನೂ ವಿವರಿಸಿದೆ. ಕಿಟಕಿ ನೋಡುತ್ತಾ ಕೂತಿದ್ದಳು. ಗೋಡೆಗಾದರೂ ಪ್ರತಿಧ್ವನಿ ಇರುತ್ತದೆ.

ಮಾರ್ಚ್ ೮, ಶನಿವಾರ

ಒಂದು ಜಿಮ್ ಮುಚ್ಚುತ್ತಿದೆ ಎಂದು ತಿಳಿದು ಸ್ಪ್ಯಾನರನ್ನು ಕರೆದುಕೊಂಡು ಹೋದೆ. ಅದು ಅವನ ಅಡ್ಡಹೆಸರು, ನಿಜವಾದ ಹೆಸರು ಅವನಿಗೇ ಮರೆತಿರಬೇಕು. ನನ್ನ ಜೊತೆ ಅವೇ ಲಿಫ್ಟಿನ ಮೋಟಾರು ಕೋಣೆಗಳಲ್ಲಿ ಜೀವ ಸವೆಸಿದವನು. ಅವನು ಗುಟ್ಟು ಹೇಳಿದರೂ ಮೂರು ಬೀದಿಗೆ ಕೇಳಿಸುತ್ತದೆ. ಅವನೊಬ್ಬನ ಜೊತೆ ಮಾತಾಡುವುದು ನನಗೆ ಈಗಲೂ ಸಲೀಸು, ಬೇರೆಯವರ ಹಾಗೆ ತಿಂದು ತಿಂದು ಮಾತಾಡುವುದಿಲ್ಲ.

ಯಂತ್ರ ಗಟ್ಟಿಯಾಗಿತ್ತು. ಆದರೆ ಪೆಡಲ್ ಮಂಡಿಯೆತ್ತರದಲ್ಲಿತ್ತು. ಅದನ್ನು ಹತ್ತಲು ಇವಳಿಗೆ ಇನ್ನೊಂದು ಏಣಿ ಬೇಕು. ನಾನೇ ಹತ್ತಿ ತುಳಿದು ನೋಡಿದೆ. ಹೆಜ್ಜೆಯ ಉದ್ದ ವಿಪರೀತ. ಇವಳು ಕುಳ್ಳಿ, ಒಂದೊಂದು ಹೆಜ್ಜೆಯೂ ಚರಂಡಿ ದಾಟಿದ ಹಾಗಾಗುತ್ತದೆ. ಇಳಿಯುವ ಹೊತ್ತಿಗೆ ನನಗೇ ಏದುಸಿರು.

"ನಿನಗೊಂದು, ಅವಳಿಗೊಂದು ತಗೋ. ಜೋಡಿಯಾಗಿ ನಡೀರಿ, ಎಲ್ಲಿಗೂ ಹೋಗಲ್ಲ" ಎಂದು ಸ್ಪ್ಯಾನರ್ ಕೂಗಿ ನಕ್ಕ. ಜಿಮ್ಮಿನವರೆಲ್ಲ ತಿರುಗಿ ನೋಡಿದರು.

ಸಂಜೆ ಇವಳಿಗೆ ಗಂಜಿ ಕುಡಿಸುತ್ತಿದ್ದೆ. ಚಮಚ ತಡೆದು, ತಲೆ ತಗ್ಗಿಸಿಕೊಂಡು ತುಟಿ ಅಲ್ಲಾಡಿಸಿದಳು. ಏನು ಎಂದೆ. ಮತ್ತೆ ಅಲ್ಲಾಡಿಸಿದಳು. ಗೊಣಗಾಟವೇ ಇರಬೇಕು, ಆದರೂ ನಾನು ಗಮನ ಕೊಡುತ್ತಿಲ್ಲ ಅಂದುಕೊಳ್ಳಬಾರದಲ್ಲ, ಹೂಂ ಎಂದೆ. ತಲೆಯನ್ನೂ ಆಡಿಸಿದೆ. ಅಷ್ಟಕ್ಕೇ ಗಂಜಿ ಬಿಟ್ಟು ಗೋಡೆಯ ಕಡೆ ತಿರುಗಿ ಮಲಗಿಬಿಟ್ಟಳು. ಒಪ್ಪಿದರೂ ತಪ್ಪು! ಗಂಜಿಯನ್ನು ನಾನೇ ಕುಡಿದೆ. ಉಪ್ಪು ಕಡಿಮೆಯಾಗಿತ್ತು, ಅದಕ್ಕೇ ಇರಬೇಕು.

ಮಾರ್ಚ್ ೯, ಭಾನುವಾರ

ಅನ್ನ ಸೀದು ಇದ್ದಿಲಾಯಿತು. ಕುಕ್ಕರ್ ವಿಷಲ್ ಹೊಡೆಯಲೇ ಇಲ್ಲ. ಬಿಚ್ಚಿ ನೋಡಿದರೆ ತೂತು ಕಟ್ಟಿರಲಿಲ್ಲ. ಇವಳು ಅಡುಗೆಮನೆಗೆ ಒಂದೇ ಗೋಡೆ ದೂರದಲ್ಲಿ ಇದ್ದಳು. ವಾಸನೆಯಾದರೂ ಬಂದಿರಬೇಕಲ್ಲ, ಒಂದು ಮಾತು ಕೂಗಿದ್ದರೆ ಗಂಟೇನು ಹೋಗುತ್ತಿತ್ತು? ಹಾಗಂತ ಜೋರು ಮಾಡಿದೆ. ಇವಳ ಕಣ್ಣು ತುಂಬಿತು. ಮಗಳು ಬಂದವಳು, "ಅಮ್ಮ ಕೂಗಿದ್ಲಂತಲ್ಲಪ್ಪಾ, ಎಷ್ಟೋ ಸಲ" ಎಂದಳು. ಇಬ್ಬರದೂ ಒಂದೇ ಪಾರ್ಟಿ.

ಕಾಯಿಲೆಯವಳ ಮೇಲೆ ಕೂಗಾಡಿದೆ. ನಾಚಿಕೆಯಾಗುತ್ತಿದೆ.

ಮಾರ್ಚ್ ೧೩, ಗುರುವಾರ

ಒಂದು ಹೋಟೆಲಿನ ನೆಲಮಾಳಿಗೆಯಲ್ಲಿ ಇನ್ನೊಂದು ನೋಡಿದೆ. ಹೆಜ್ಜೆ ಸರಿಯಾಗಿತ್ತು, ಎತ್ತರವೂ ಸರಿ. ಆದರೆ ಪೆಡಲಿನ ಕೆಳಗೆ ರೋಲರ್ ಉರುಳುವ ಎರಡು ಹಳಿಗಳಿರುತ್ತವೆ. ಬೆರಳಾಡಿಸಿ ನೋಡಿದರೆ ಒಂದು ಹಳಿಯಲ್ಲಿ ಹಳ್ಳ. ಪ್ರತಿ ಸುತ್ತಿಗೂ ಎಡಗಾಲು ಒಮ್ಮೆ ಎಡವಿದ ಹಾಗಾಗುತ್ತದೆ. ಅಲ್ಲಿಯ ಮ್ಯಾನೇಜರ್, "ಇಷ್ಟು ವರ್ಷ ಯಾರೂ ದೂರಿಲ್ಲ ಸಾರ್" ಎಂದ. ಅತಿಥಿಗಳು ಬಂದು ತುಳಿದಿದ್ದರೆ ತಾನೇ ದೂರುವುದು, ಅದರ ಮೇಲೆ ಒಣಹಾಕಿದ ಟವೆಲ್ಲುಗಳಿದ್ದವು.

ಇವಳಿಗೆ ಎಂಥದ್ದು ಬೇಕು ಎಂದು ಈಗ ಕಣ್ಣಿಗೆ ಕಟ್ಟಿದ ಹಾಗಿದೆ. ತಗ್ಗಿನ ಮೆಟ್ಟಿಲು, ಚಿಕ್ಕ ಹೆಜ್ಜೆ, ಭಾರದ ಚಕ್ರ, ಎದೆಮಟ್ಟಕ್ಕೆ ಬರುವ ಹ್ಯಾಂಡಲ್, ಮತ್ತು ಸದ್ದಿರಬಾರದು. ಹುಡುಗಿ ನೋಡಲು ಹೋದಾಗಲೂ ನಾನು ಇಷ್ಟು ಯೋಚಿಸಿರಲಿಲ್ಲ.

ಮಧ್ಯಾಹ್ನ ಇವಳ ತಲೆ ಬಾಚಿದೆ. ಆಸ್ಪತ್ರೆಯಲ್ಲಿ ಕೂದಲು ಜಡೆಗಟ್ಟಿದ್ದು ಇನ್ನೂ ಬಿಟ್ಟಿಲ್ಲ. ತುದಿಯಿಂದ ಶುರುಮಾಡಿ ಮೇಲಕ್ಕೆ ಬಿಡಿಸಬೇಕು, ಹಗ್ಗದ ಸಿಕ್ಕಿನ ಹಾಗೆ. ಹಿಂದೆ ಕೂತಿದ್ದೆನಾದ್ದರಿಂದ ಮುಖ ಕಾಣುತ್ತಿರಲಿಲ್ಲ. ಬೆನ್ನು ಆಗಾಗ ಅಲುಗುತ್ತಿತ್ತು, ಅಳುತ್ತಿರಬಹುದು ಅನಿಸಿ ಏನೂ ಕೇಳಲಿಲ್ಲ. ಎಷ್ಟು ಸಣ್ಣಗಾಗಿದ್ದಾಳೆ.

ಕಾಲಿಂಗ್ ಬೆಲ್ ಕೆಟ್ಟಿದೆಯಂತೆ, ಹಾಲಿನವರು ಒತ್ತಿ ಒತ್ತಿ ವಾಪಸು ಹೋದರಂತೆ. ವೈರ್ ನೋಡಿದೆ, ಸರಿಯಾಗಿದೆ. ನಾಳೆ ಬೇರೆ ತಂದು ಹಾಕಬೇಕು.

ಮಾರ್ಚ್ ೧೪, ಶುಕ್ರವಾರ

ಹೊಸ ಬೆಲ್ ಹಾಕಿದೆ. ಅದೂ ಕೆಟ್ಟದ್ದೇ. ಇವತ್ತೂ ಮಾತಿಲ್ಲ.

ಮಾರ್ಚ್ ೧೭, ಸೋಮವಾರ

ಸಿಕ್ಕಿತು!

ಜಿಮ್ ಸಾಮಾನುಗಳನ್ನು ಕೊಂಡು ಮಾರುವ ಒಬ್ಬರ ಗೋದಾಮು. ಯಂತ್ರಗಳು ಸಾಲಾಗಿ ನಿಂತಿದ್ದವು. ಸ್ಪ್ಯಾನರ್ ಒಂದು ಕಡೆಯಿಂದ, ನಾನೊಂದು ಕಡೆಯಿಂದ ನೋಡುತ್ತಾ ಬಂದೆವು. ಒಂದರ ಹ್ಯಾಂಡಲ್ ಸಡಿಲ. ಒಂದರ ಬೆಲ್ಟು ಬಿರುಕು. ಮೂಲೆಯಲ್ಲಿ ಬೂದು ಬಣ್ಣದ್ದೊಂದು ಇತ್ತು. ಮೆಟ್ಟಿಲು ಗೇಣೆತ್ತರ. ಹೆಜ್ಜೆ ಇವಳ ಅಳತೆಗೆ ಹೇಳಿ ಮಾಡಿಸಿದ ಹಾಗಿತ್ತು. ನಾನು ಹತ್ತಿ ಒಂದು ಸುತ್ತು ತುಳಿದು ಕಾಲು ಬಿಟ್ಟರೂ ಚಕ್ರ ತನ್ನಷ್ಟಕ್ಕೆ ತಿರುಗುತ್ತಲೇ ಇತ್ತು.

ಇನ್ನು ಸದ್ದು. ಸ್ಪ್ಯಾನರ್ ತುಳಿದ, ನಾನು ಸ್ಕ್ರೂಡ್ರೈವರಿನ ತುದಿಯನ್ನು ಬೇರಿಂಗಿನ ಮೈಗೆ ಒತ್ತಿ ಹಿಡಿಯನ್ನು ಕಿವಿಗೆ ಇಟ್ಟುಕೊಂಡೆ. ನಮ್ಮ ಕಸುಬಿನಲ್ಲಿ ಡಾಕ್ಟರ ಸ್ಟೆತಸ್ಕೋಪಿನ ಹಾಗೆ ಇದು. ಏನೂ ಇಲ್ಲ. ಬೆರಳಿಗೆ ಸ್ವಲ್ಪ ಜುಮ್ಮೆಂದಿತು, ವಯಸ್ಸಾಯಿತಲ್ಲ, ಕೈ ನಡುಗುತ್ತಿರಬೇಕು. ಕಿವಿಗೆ ಮಾತ್ರ ಪೂರ್ತಿ ಶಾಂತಿ. ಜಾಗ ಬದಲಾಯಿಸಿದೆವು, ನಾನು ತುಳಿದೆ, ಅವನು ಕೇಳಿಸಿಕೊಂಡ.

"ಏನಾದ್ರೂ ಉಂಟಾ?"

"ಏನೂ ಇಲ್ಲ. ಸತ್ತ ಹಾಗಿದೆ!" ಎಂದು ಕೂಗಿದ.

ಎರಡು ಪಳಗಿದ ಕಿವಿ ಒಂದೇ ತೀರ್ಪು ಕೊಟ್ಟ ಮೇಲೆ ಇನ್ನೇನು? ಲೆಕ್ಕ ಬರೆಯುವ ಹೆಂಗಸು ಮೇಜಿನ ಹತ್ತಿರ ಎರಡು ಕಿವಿಗೂ ಕೈ ಇಟ್ಟುಕೊಂಡು ಕೂತಿದ್ದರು. ತಲೆನೋವಿರಬೇಕು, ಪಾಪ. ಗೋದಾಮಿನ ಯಜಮಾನರು ಮಾತ್ರ ವಿಚಿತ್ರ. ನಮ್ಮಿಬ್ಬರನ್ನೂ ಮಿಕಮಿಕ ನೋಡಿ, "ಇದೇ ಬೇಕಾ ಸಾರ್? ಇದು ಪರವಾಗಿಲ್ವಾ ನಿಮಗೆ?" ಎಂದು ಎರಡೆರಡು ಸಲ ಕೇಳಿದರು. ಇನ್ನೂ ಏನೋ ಹೇಳಿದರು, ಫ್ಯಾನಿನ ಗಾಳಿಗೆ ಸರಿಯಾಗಿ ಗೊತ್ತಾಗಲಿಲ್ಲ. ನಾನು ಚೌಕಾಸಿಗೆ ಬಾಯಿ ತೆರೆಯುವ ಮೊದಲೇ ಬೆಲೆ ಇಳಿಸಿದರು. ಒಳ್ಳೆಯ ಸಾಮಾನು ಯಾವುದೆಂದು ಬಲ್ಲವರನ್ನು ಕಂಡರೆ ವ್ಯಾಪಾರಿಗಳಿಗೆ ಭಯವಿರುತ್ತದೆ.

ಮಾರ್ಚ್ ೧೯, ಬುಧವಾರ

ಯಂತ್ರ ಬಂತು. ಇಡಿಯಾಗಿ ನಮ್ಮ ಕಟ್ಟಡದ ಲಿಫ್ಟಿನಲ್ಲಿ ಹಿಡಿಸುವುದಿಲ್ಲವೆಂದು ಮೊದಲೇ ಅಳೆದು ನೋಡಿದ್ದೆ. ಹ್ಯಾಂಡಲ್, ಪೆಡಲ್ ತೋಳು, ಹಿಂದಿನ ಹಳಿ ಬಿಚ್ಚಿ ಮೂರು ಕಂತಿನಲ್ಲಿ ಮೇಲೆ ತಂದೆವು. ಸ್ಪ್ಯಾನರ್ ಮತ್ತು ನಾನು ಮಧ್ಯಾಹ್ನವೆಲ್ಲ ಕೂತು ಜೋಡಿಸಿದೆವು. ನಾಲ್ಕು ಕಾಲಿನ ಕೆಳಗೂ ದಪ್ಪ ರಬ್ಬರ್ ಹಾಕಿದೆ. ಕೆಳಗಿನ ಮನೆಯಲ್ಲಿ ಟೈಲರಮ್ಮ ಇದ್ದಾರೆ, ಅವರಿಗೂ ತೊಂದರೆಯಾಗಬಾರದು.

ಇವಳು ಮಂಚದಿಂದ ಎದ್ದು ಬಾಗಿಲವರೆಗೆ ತಾನಾಗಿಯೇ ಬಂದು ನಿಂತು ನೋಡಿದಳು. ಅದೇ ದೊಡ್ಡ ಸಂತೋಷ. ಹ್ಯಾಂಡಲಿಗೆ ಮೆತ್ತನೆ ಬಟ್ಟೆ ಸುತ್ತಿದ್ದೇನೆ. ಮಗಳು ನಾಳೆ ರಜೆ ಹಾಕಿ ಬರುತ್ತಾಳೆ, ಆಗ ಶುರು.

ಸಣ್ಣ ಮಕ್ಕಳ ಹಾಗೆ ನನಗೆ ನಾಳೆ ಯಾವಾಗ ಬಂದೀತೋ ಅನಿಸುತ್ತಿದೆ.

ಮಾರ್ಚ್ ೨೦, ಗುರುವಾರ

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಬೆಳಿಗ್ಗೆ ಮಗಳು ಬಂದಳು. ಇಬ್ಬರೂ ಎರಡು ಕಡೆ ಹಿಡಿದು ಇವಳನ್ನು ಹತ್ತಿಸಿದೆವು. ಒಂದು ಹೆಜ್ಜೆ ಇಟ್ಟಳು. ಇನ್ನೊಂದು. ಚಕ್ರ ಹದವಾಗಿ ತಿರುಗಿತು, ಬೆಣ್ಣೆಯಲ್ಲಿ ಕೂದಲೆಳೆದ ಹಾಗೆ. ಇವಳು ಮುಖ ಕಿವುಚಿದಳು. ಭಯವಿರಬೇಕು ಎಂದು, "ಏನೂ ಆಗಲ್ಲ, ನಡಿ ನಡಿ" ಎಂದೆ. ಮಗಳು ಒಂದು ಕೈಯಲ್ಲಿ ಅಮ್ಮನನ್ನು ಹಿಡಿದು ಇನ್ನೊಂದರಲ್ಲಿ ಕಿವಿ ಮುಚ್ಚಿಕೊಂಡಳು. ತಿರುಗಿದರೆ ಕೆಳಗಿನ ಟೈಲರಮ್ಮ ಕೊರಳಿಗೆ ಟೇಪು ನೇತುಹಾಕಿಕೊಂಡು ನಡುಮನೆಯಲ್ಲೇ ನಿಂತಿದ್ದಾರೆ. ಬೆಲ್ ಒತ್ತಿ ಸಾಕಾಗಿ ಬಾಗಿಲು ತಳ್ಳಿಕೊಂಡು ಬಂದರಂತೆ.

ಆಗ ಇವಳು ಹ್ಯಾಂಡಲನ್ನು ಬಿಗಿಯಾಗಿ ಹಿಡಿದು, ಎದೆತುಂಬ ಉಸಿರೆಳೆದುಕೊಂಡು ಕೂಗಿದಳು.

"ರೀ! ಕಿವಿ ಹರಿದುಹೋಗೋ ಹಾಗೆ ಕಿರುಚ್ತಾ ಇದೆಯಲ್ರೀ ಇದು! ನಿಲ್ಸಿ ನಿಲ್ಸಿ ಅಂತ ಆಗ್ಲಿಂದ ಬಡ್ಕೋತಾ ಇದೀನಿ, ಕೇಳಿಸ್ತಾ ಇಲ್ವಾ ನಿಮಗೆ?"

ಕೇಳಿಸಿತು. ಒಂದೊಂದು ಅಕ್ಷರವೂ ಕೇಳಿಸಿತು. ಸ್ವಲ್ಪ ಒಡೆದಿತ್ತು, ಬೊಗಸೆಯಷ್ಟೇ ಇತ್ತು, ಆದರೆ ಅವಳದೇ ಧ್ವನಿ. ಏನು ಹೇಳಿದಳು ಅನ್ನುವುದು ನನ್ನ ತಲೆಗೆ ಹೋಗಲೇ ಇಲ್ಲ. "ಮಾತು ಬಂತು! ಬಂತಲ್ಲೇ ನಿನಗೆ ಮಾತು!" ಎಂದು ಅವಳ ಎರಡೂ ಕೈ ಹಿಡಿದುಕೊಂಡೆ. ನಗುತ್ತಾ ಮಗಳ ಕಡೆ ನೋಡಿದೆ. ಅವಳು ನಗಲಿಲ್ಲ. ಟೈಲರಮ್ಮನೂ ನಗಲಿಲ್ಲ. ಇವಳು ನನ್ನನ್ನು ನೋಡುತ್ತಿದ್ದ ರೀತಿಯೇ ಬೇರೆಯಾಗಿತ್ತು, ಆಸ್ಪತ್ರೆಯಲ್ಲಿ ನಾನು ಅವಳನ್ನು ನೋಡುತ್ತಿದ್ದೆನಲ್ಲ, ಹಾಗೆ.

ಮಗಳು ನನ್ನ ಹತ್ತಿರ ಬಂದು ಎದುರಿಗೆ ನಿಂತು ಕೇಳಿದಳು. "ಅಪ್ಪಾ, ಈ ಸದ್ದು ನಿಂಗೆ ನಿಜವಾಗ್ಲೂ ಕೇಳಿಸ್ತಿಲ್ವಾ?"

"ಯಾವ ಸದ್ದು?"

ಅವಳು ಪೆಡಲನ್ನು ಕೈಯಿಂದಲೇ ತಿರುಗಿಸಿದಳು. ಟೈಲರಮ್ಮ ಹಲ್ಲು ಕಚ್ಚಿದರು. ನನ್ನ ಮಟ್ಟಿಗೆ ಮನೆ ನಿಶ್ಶಬ್ದವಾಗಿತ್ತು. ಇವರೆಲ್ಲ ಸೇರಿ ತಮಾಷೆ ಮಾಡುತ್ತಿದ್ದಾರೆ ಅನಿಸಿ ಸಿಟ್ಟು ಬಂತು. ಬಗ್ಗಿ ಬೇರಿಂಗಿನ ಮೇಲೆ ಅಂಗೈ ಇಟ್ಟೆ.

ಅಂಗೈ ಗುರುತು ಹಿಡಿಯಿತು. ಒಣಗಿದ ಬೇರಿಂಗ್, ಒಳಗಿನ ಗುಂಡುಗಳು ಸವೆದು ಉಜ್ಜುತ್ತಿವೆ. ಇಂಥ ನಡುಕ ಇಟ್ಟುಕೊಂಡು ಯಾವ ಬೇರಿಂಗೂ ಸುಮ್ಮನಿರುವುದಿಲ್ಲ. ಅದು ಕಿರುಚಲೇಬೇಕು. ಎಷ್ಟು ಸಲ ಕೇಳಿದ ಸದ್ದು ಅದು, ಜನ್ಮದಲ್ಲಿ ಮರೆಯುವಂಥದ್ದಲ್ಲ. ಕೈ ಕಿರುಚುತ್ತಿದೆ ಅನ್ನುತ್ತದೆ. ಕಿವಿಯಲ್ಲಿ ಏನೂ ಇಲ್ಲ. ಇನ್ನೊಮ್ಮೆ ತಿರುಗಿಸು ಎಂದೆ. ತಿರುಗಿಸಿದಳು. ಏನೂ ಇಲ್ಲ.

ನೆಲದ ಮೇಲೆ ಹಾಗೇ ಕೂತೆ.

ಹಾಗಿದ್ದರೆ ಕುಕ್ಕರ್ ಕೂಗಿತ್ತು. ಎರಡು ಬೆಲ್ಲೂ ಸರಿಯಾಗಿದ್ದವು. ಹಾಗಿದ್ದರೆ ಇಷ್ಟು ದಿನವೂ ಇವಳು

ಮಾರ್ಚ್ ೨೧, ಶುಕ್ರವಾರ

ಹೌದು. ಇಷ್ಟು ದಿನವೂ ಇವಳು ಮಾತಾಡುತ್ತಿದ್ದಳು. ಮಗಳೇ ಎಲ್ಲವನ್ನೂ ಹೇಳಿದಳು. ಕಿಟಕಿಯ ಕಡೆ ತಿರುಗಿ ಮಾತಾಡಿದ್ದಾಳೆ, ನಾನು ತಲೆ ಬಾಚುವಾಗ ಮಾತಾಡಿದ್ದಾಳೆ. ನಾನು ಒಂದಕ್ಕೂ ಉತ್ತರ ಕೊಟ್ಟಿಲ್ಲ. ಗಂಡ ಮಾತು ಬಿಟ್ಟಿದ್ದಾನೆ, ಯಂತ್ರ ಹುಡುಕುವ ನೆವ ಮಾಡಿಕೊಂಡು ಮನೆಯಿಂದ ತಪ್ಪಿಸಿಕೊಳ್ಳುತ್ತಿದ್ದಾನೆ ಎಂದುಕೊಂಡಳಂತೆ.

"ಅಪ್ಪಾ, ಒಂದಿನ ಗಂಜಿ ಕುಡಿಸ್ತಾ ಇದ್ದಾಗ ಅಮ್ಮ ನಿನ್ನ ಒಂದು ಮಾತು ಕೇಳಿದ್ಲಂತೆ. ‘ನನ್ನ ನೋಡ್ಕೊಂಡು ನಿಮಗೆ ಸಾಕಾಗಿದೆ ಅಲ್ವಾ’ ಅಂತ. ಎರಡು ಸಲ ಕೇಳಿದ್ಲಂತೆ." ಮಗಳು ನನ್ನ ಮುಖ ನೋಡಲಿಲ್ಲ. "ನೀನು ಹೂಂ ಅಂದ್ಯಂತೆ."

ಉಪ್ಪು ಕಡಿಮೆಯಾಗಿತ್ತು ಎಂದು ಬರೆದಿದ್ದೇನೆ ಅವತ್ತು. ನನ್ನ ಬುದ್ಧಿಗಿಷ್ಟು.

ಇವಳ ಕೋಣೆಗೆ ಹೋದೆ. ಎದುರಿಗೆ ಕುರ್ಚಿ ಎಳೆದುಕೊಂಡು ಕೂತೆ. "ಅವತ್ತು ನಾನು ಹೂಂ ಅಂದಿದ್ದು ನಿನ್ನ ಮಾತಿಗಲ್ಲ. ನಿನ್ನ ಮಾತು ನನಗೆ ಕೇಳಿಸಿರ್ಲೇ ಇಲ್ಲ. ಕೇಳಿಸಿದ್ರೆ ಹಾಗೆ ಅಂತಿದ್ನಾ? ನೀನು ಆಸ್ಪತ್ರೆಯಲ್ಲಿದ್ದಾಗ ನಾನು ಯಾರ ಹತ್ರ ಏನು ಬೇಡ್ಕೊಂಡೆ ಅಂತ ನಿನಗೇನು ಗೊತ್ತು?" ಎಂದೆ.

ಇವಳು ಕೈ ಚಾಚಿ ನನ್ನ ಕಿವಿ ಹಿಡಿದು ಹಿಂಡಿದಳು, ಶಾಲೆಯಲ್ಲಿ ಮೇಷ್ಟರು ಹಿಂಡುತ್ತಿದ್ದ ಹಾಗೆ. ಚೆನ್ನಾಗಿಯೇ ನೋವಾಯಿತು. ಕೈಯಲ್ಲಿ ಇಷ್ಟು ಶಕ್ತಿ ಬಂದಿದೆ ಎಂದು ಗೊತ್ತಿರಲಿಲ್ಲ. ಹಿಂಡುತ್ತಲೇ ಅಳುತ್ತಿದ್ದಳು.

ಮಾರ್ಚ್ ೨೪, ಸೋಮವಾರ

ಕಿವಿ ಡಾಕ್ಟರ ಹತ್ತಿರ ಹೋಗಿದ್ದೆವು. ಗಾಜಿನ ಪೆಟ್ಟಿಗೆಯಂಥ ಕೋಣೆಯಲ್ಲಿ ಕೂರಿಸಿ, ಸದ್ದು ಕೇಳಿಸಿದಾಗ ಬಟನ್ ಒತ್ತಿ ಎಂದರು. ಒತ್ತಲು ಕಾದೇ ಕಾದೆ. ದಪ್ಪ ಸದ್ದುಗಳು ಉಳಿದಿವೆಯಂತೆ, ಸಣ್ಣ ಕೀರಲು ಸದ್ದುಗಳು ಹೋಗಿವೆಯಂತೆ. ಗಂಡಸರ ಒರಟು ಗಂಟಲು ಕೇಳಿಸುತ್ತದೆ. ಹಕ್ಕಿ, ಬೆಲ್, ಕಾಯಿಲೆಯಿಂದೆದ್ದ ಹೆಂಗಸಿನ ಧ್ವನಿ ಕೇಳಿಸುವುದಿಲ್ಲ. ಮೋಟಾರು ಕೋಣೆಗಳಲ್ಲಿ ಕಳೆದ ವರ್ಷಗಳ ಫಲ. ಯಂತ್ರಗಳಿಗೆ ಕಿವಿ ಕೊಟ್ಟು ಕೊಟ್ಟು ಅವಕ್ಕೇ ಕೊಟ್ಟುಬಿಟ್ಟಿದ್ದೇನೆ. ಕಿವಿಗೆ ಹಾಕುವ ಸಾಧನಕ್ಕೆ ಅಳತೆ ತೆಗೆದುಕೊಂಡಿದ್ದಾರೆ, ಬರಲು ಇನ್ನೂ ಕೆಲವು ವಾರ ಬೇಕು.

ಸ್ಪ್ಯಾನರ್ ಮನೆಗೆ ಹೋಗಿ ವಿಷಯ ಹೇಳಿದೆ. "ಎರಡು ಪಳಗಿದ ಕಿವಿ ಅಂದ್ಕೊಂಡಿದ್ವಲ್ಲೋ, ಕುರುಡ ಕುರುಡನಿಗೆ ದಾರಿ ತೋರಿಸಿದ ಹಾಗಾಯ್ತು. ನೀನೂ ಹೋಗಿ ತೋರಿಸ್ಕೋ."

"ನನ್ನ ಕಿವಿಗೇನಾಗಿದೆ? ಗುಂಡುಕಲ್ಲಿನ ಹಾಗಿದೆ!" ಎಂದು ಕೂಗಿದ.

ಅವನ ಹೆಂಡತಿ ಅವನ ಬೆನ್ನ ಹಿಂದೆ ನಿಂತು ನನಗೆ ಕೈಮುಗಿದರು. ಕರೆದುಕೊಂಡು ಹೋಗಿ ಅನ್ನುವ ಹಾಗೆ ಸನ್ನೆ ಮಾಡಿದರು. ಅವರು ಎಷ್ಟು ವರ್ಷದಿಂದ ಹೀಗೆ ಸನ್ನೆಯಲ್ಲೇ ಸಂಸಾರ ಮಾಡುತ್ತಿದ್ದಾರೋ. ಅದನ್ನು ನಾನು ಎಷ್ಟು ಸಲ ನೋಡಿದ್ದೇನೆ, ಏನೆಂದು ಯೋಚಿಸಿದವನೇ ಅಲ್ಲ.

ಮಾರ್ಚ್ ೨೭, ಗುರುವಾರ

ಯಂತ್ರವನ್ನು ವಾಪಸು ಕೊಡೋಣ ಎಂದು ಮಗಳು ಹೇಳಿದ್ದಳು. ನಾನು ಬಿಡಲಿಲ್ಲ. ಬೇರಿಂಗ್ ಒಂದು ಬಿಟ್ಟರೆ ಅದರಲ್ಲಿ ದೋಷವಿಲ್ಲ; ಹೆಜ್ಜೆ, ಎತ್ತರ, ಚಕ್ರ, ಎಲ್ಲವೂ ಇವಳಿಗೆ ಸರಿ. ನಿನ್ನೆ ಹೊಸ ಬೇರಿಂಗ್ ತಂದು ನಾನೇ ಕೂರಿಸಿದೆ. ಆದರೆ ಸದ್ದು ಹೋಯಿತೋ ಇಲ್ಲವೋ ಹೇಳುವವರು ಯಾರು? ಮಂಚದ ಮೇಲೆ ಕೂತ ಇವಳನ್ನೇ ಕೇಳಬೇಕಾಯಿತು. ನಾನು ತಿರುಗಿಸುವುದು, ಇವಳು ಬೆರಳಾಡಿಸುವುದು. ಇನ್ನೂ ಇದೆ. ಬಲಗಡೆ. ಸ್ವಲ್ಪ 'ಚೀಂವ್' ಅನ್ನುತ್ತಿದೆ ಎಂದು ಕಣ್ಣು ಸಣ್ಣ ಮಾಡಿ ತೋರಿಸಿದಳು. ಒಂದು ಬೋಲ್ಟು ಬಿಗಿದೆ. ಈಗ? ಕೈ ಅಡ್ಡ ಆಡಿಸಿದಳು, ಇಲ್ಲ. ಟೈಲರಮ್ಮನನ್ನೂ ಕರೆದು ಕೇಳಿಸಿದೆ. ಅವರೂ ತಲೆ ಅಲ್ಲಾಡಿಸಿ ನಕ್ಕು ಹೋದರು.

ಫಿಸಿಯೋಥೆರಪಿಯ ಹೆಂಗಸು ಇವತ್ತು ನನ್ನೆದುರಿಗೆ ನಿಂತು ಬಾಯಿ ದೊಡ್ಡದು ಮಾಡಿ ಹೇಳಿದರು. "ನಡೆಯುವಾಗ ಅಮ್ಮ ಮಾತಾಡ್ತಾನೇ ಇರಬೇಕು. ಒಂದು ವಾಕ್ಯ ಪೂರ್ತಿ ಹೇಳೋಕ್ಕಾದ್ರೆ ವೇಗ ಸರಿಯಾಗಿದೆ ಅಂತ. ಹೇಳೋಕ್ಕಾಗದಷ್ಟು ಏದುಸಿರು ಬಂದ್ರೆ ನಿಧಾನ ಮಾಡ್ಬೇಕು. ಎದುರಿಗೆ ಯಾರಾದ್ರೂ ನಿಂತು ಕೇಳಿಸ್ಕೋಬೇಕು."

ಯಾರಾದರೂ ಅಂದರೆ ಇನ್ಯಾರು, ನಾನೇ.

ಸಂಜೆ ಇವಳು ಹತ್ತಿದಳು. ನಾನು ಎದುರಿಗೆ ಸ್ಟೂಲ್ ಹಾಕಿಕೊಂಡು, ಮುಖಕ್ಕೆ ಮುಖ ಕೊಟ್ಟು ಕೂತೆ. ಹೆಜ್ಜೆ ಹದಕ್ಕೆ ಬಂತು. ಮಾತಾಡು ಎಂದೆ. ಮೊದಲು ಏನು ಮಾತಾಡುವುದೆಂದು ನಾಚಿಕೊಂಡಳು. ಆಮೇಲೆ ತುಟಿ ಆಡತೊಡಗಿತು. ಮಗಳ ಹೆಸರು ಕೇಳಿಸಿದ ಹಾಗಾಯಿತು. ಹಾಲು ಅಂದಳು. ಆಮೇಲೆ ಒಂದು ಉದ್ದನೆಯ ಮಾತು, ಹುಬ್ಬು ಗಂಟಿಕ್ಕಿ, ಗದ್ದ ನನ್ನ ಕಡೆ ಚಾಚಿ. ಅದರಲ್ಲಿ ಒಂದು ಪದವೂ ಸಿಗಲಿಲ್ಲ.

ಇಷ್ಟು ವರ್ಷ ಮೆಕ್ಯಾನಿಕ್ಕುಗಳು ನನ್ನನ್ನು ಕರೆದೊಯ್ದು ಇದೇನು ಸದ್ದು ಹೇಳಿ ಎಂದು ಕೇಳುತ್ತಿದ್ದರು. ಗೊತ್ತಾಗಲಿಲ್ಲ ಎಂದು ನಾನು ಯಾರಿಗೂ ಹೇಳಿದವನಲ್ಲ. ಸ್ಟೂಲನ್ನು ಇನ್ನಷ್ಟು ಮುಂದಕ್ಕೆ ಎಳೆದುಕೊಂಡೆ.

"ಕೇಳಿಸಲಿಲ್ಲ. ಇನ್ನೊಂದ್ಸಲ ಹೇಳು" ಎಂದೆ.

ಇವಳು ನಡೆಯುವುದನ್ನು ನಿಲ್ಲಿಸಲಿಲ್ಲ. ಮುಂದಕ್ಕೆ ಬಾಗಿ, ಧ್ವನಿ ಏರಿಸಿ, "ಬೈದೆ ಕಣ್ರೀ! ಬೈದಿದ್ದನ್ನೂ ಎರಡೆರಡು ಸಲ ಹೇಳ್ಬೇಕಾ?" ಎಂದಳು.

"ಹೇಳು."

ಉಸಿರು ಎಳೆದುಕೊಂಡು, ಹೆಜ್ಜೆ ತಪ್ಪಿಸದೆ, ಮೊದಲಿನಿಂದ ಬೈದಳು. ಈ ಸಲ ಪೂರ್ತಿ ಕೇಳಿಸಿತು.